ನೋಟಕನ ಹೊಣೆ

ಆಡುವವನಿಗೆ ನಿಯಮವುಂಟು, ಆಡಿಸುವವನಿಗೂ ನಿಯಮವುಂಟು. ಗೆರೆಯನ್ನು ಮೀರಿದ ಆಟಗಾರನು ಕಣದಿಂದ ಹೊರಬೀಳುವನು. ಪಕ್ಷಪಾತವನ್ನೆಸಗಿದ ನಿರ್ಣಾಯಕನು ನಿಂದೆಗೆ ಗುರಿಯಾಗುವನು. ಆದರೆ ಗೆರೆಯ ಆಚೆಗೆ ನಿಂತು ನೋಡುವವನಿಗೆ ಏನಾದರೂ ಧರ್ಮವುಂಟೆ? ಅವನು ಆಡಿದವನಲ್ಲ, ಗೆದ್ದವನಲ್ಲ, ಸೋತವನೂ ಅಲ್ಲ. ಬಿಡುವಿನ ಹೊತ್ತಿನಲ್ಲಿ ಬಂದು ನಿಂತು, ಕಣ್ತುಂಬ ನೋಡಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳಿದವನು. ಇಂತಹವನ ಮೇಲೆ ಹೊಣೆಯನ್ನು ಹೊರಿಸುವುದು ನ್ಯಾಯವೆ? ಅದರಲ್ಲಿಯೂ ಆಡುವವರು ಹದಿನಾಲ್ಕು ಹದಿನೇಳು ವರ್ಷದೊಳಗಿನ ಎಳೆಯರಾಗಿರುವಾಗ, ನೋಡುವವರು ಲೋಕವನ್ನು ಬಲ್ಲ ಹಿರಿಯರಾಗಿರುವಾಗ, ಈ ಪ್ರಶ್ನೆಗೆ ಏನು ಉತ್ತರ? ಇದನ್ನು ವಾಚಕರೊಡನೆ ಸ್ವಲ್ಪ ಸಾವಕಾಶವಾಗಿ ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶವಾಗಿದೆ.

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ತಂಬೂರ ಅರೆಮಲೆನಾಡಿನ ಊರು. ಒಂದು ಕಡೆಗೆ ಕಾಡು, ಒಂದು ಕಡೆಗೆ ಬತ್ತ ಗೋವಿನಜೋಳದ ಹೊಲಗಳು. ಮಳೆ ತುಸು ಬಿಡುವು ಕೊಟ್ಟೊಡನೆ ಇಂತಹ ಊರುಗಳ ಶಾಲೆಗಳಲ್ಲಿ ಕ್ರೀಡಾಕೂಟಗಳ ಸಡಗರ ಮೊದಲಾಗುವುದು. ಕೆಳಗಿನ ಮಟ್ಟದಿಂದ ತಾಲೂಕು ಮಟ್ಟ, ಅಲ್ಲಿಂದ ಜಿಲ್ಲೆ, ವಿಭಾಗ, ರಾಜ್ಯ ಎಂದು ಗೆದ್ದ ಮಕ್ಕಳು ಮೆಟ್ಟಿಲು ಮೆಟ್ಟಿಲಾಗಿ ಏರಿ ಹೋಗುವರು. ಇದಲ್ಲದೆ ಜಾತ್ರೆಗಳ ಕಾಲದಲ್ಲಿ ತರುಣ ಮಂಡಳಿಗಳವರು ಏರ್ಪಡಿಸುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳೂ ಉಂಟು. ಎಲ್ಲಿಯಾದರೂ ಕಣದ ಚಿತ್ರವು ಸುಮಾರಾಗಿ ಒಂದೇ. ನೆಲದ ಮೇಲೆ ಸುಣ್ಣದ ಗೆರೆ. ಸುತ್ತಲೂ ಗಳುಗಳನ್ನು ನೆಟ್ಟು ಕಟ್ಟಿದ ಹಗ್ಗ. ಹಗ್ಗಕ್ಕೆ ಆತು ನಿಂತ ಜನ. ಟ್ರ್ಯಾಕ್ಟರಿನ ಮೇಲೆ, ಕಟ್ಟೆಯ ಮೇಲೆ, ಮರದ ಕೊಂಬೆಯ ಮೇಲೆ ಮತ್ತಷ್ಟು ಜನ. ಒಂದು ಮೂಲೆಯಲ್ಲಿ ಮಿರ್ಚಿ ಗಿರಮಿಟ್ಟಿನ ಅಂಗಡಿ. ಎಲ್ಲಕ್ಕೂ ಮಿಗಿಲಾಗಿ ಧ್ವನಿವರ್ಧಕದ ಅಬ್ಬರ. ಕಣದೊಳಗೆ ಇರುವವರು ಹದಿನಾಲ್ಕು ಮಂದಿಯಾದರೆ ಕಣದ ಹೊರಗೆ ಇರುವವರು ಸಾವಿರ ಮಂದಿ. ಈ ಸಾವಿರ ಮಂದಿಯ ಧರ್ಮವೇ ನಮ್ಮ ವಿಚಾರದ ವಿಷಯ.

ಮೊದಲು ಪೂರ್ವಪಕ್ಷವನ್ನು ಕೇಳೋಣ. ನೋಡುವವನು ನಿರ್ದೋಷಿ; ಅಷ್ಟೇ ಅಲ್ಲ, ಎಲ್ಲರಿಗಿಂತ ಶ್ರೇಷ್ಠನೂ ಅವನೇ ಎಂದು ವಾದಿಸಿದವರುಂಟು. ಗ್ರೀಕ ದೇಶದ ತತ್ತ್ವಜ್ಞನಾದ ಪೈಥಾಗೊರಸನು ಮನುಷ್ಯಜೀವನವನ್ನು ಕ್ರೀಡೋತ್ಸವಕ್ಕೆ ಹೋಲಿಸಿದನೆಂದು ರೋಮಿನ ಸಿಸಿರೋ ತನ್ನ ಗ್ರಂಥದಲ್ಲಿ ಹೇಳಿರುವನು. ಆ ಉತ್ಸವಕ್ಕೆ ಮೂರು ಬಗೆಯ ಜನ ಬರುವರು. ಕೆಲವರು ಕೀರ್ತಿಗಾಗಿ ಸ್ಪರ್ಧಿಸಲು ಬರುವರು. ಕೆಲವರು ಲಾಭಕ್ಕಾಗಿ ಮಾರಲು ಕೊಳ್ಳಲು ಬರುವರು. ಮತ್ತೆ ಕೆಲವರು ಏನನ್ನೂ ಬಯಸದೆ ಕೇವಲ ನೋಡಲು ಬರುವರು. ಈ ಮೂರನೆಯವರೇ ಉತ್ತಮರು, ತತ್ತ್ವಜ್ಞನು ಇವರಂತೆ ಎಂಬುದು ಅವನ ಅಭಿಪ್ರಾಯ. ನಮ್ಮ ದೇಶದಲ್ಲಿಯೂ ಸಾಕ್ಷಿಯೆಂಬ ತತ್ತ್ವಕ್ಕೆ ದೊಡ್ಡ ಸ್ಥಾನವಿದೆ. ಒಂದೇ ಮರದ ಮೇಲೆ ಕುಳಿತ ಎರಡು ಹಕ್ಕಿಗಳಲ್ಲಿ ಒಂದು ಹಣ್ಣನ್ನು ತಿನ್ನುವುದು, ಇನ್ನೊಂದು ಸುಮ್ಮನೆ ನೋಡುವುದು ಎಂಬ ಉಪನಿಷತ್ತಿನ ದೃಷ್ಟಾಂತವನ್ನು ಅರಿಯದವರಾರು? ತಿನ್ನುವ ಹಕ್ಕಿಗೆ ಸಿಹಿ ಕಹಿಗಳ ಬಂಧನ. ನೋಡುವ ಹಕ್ಕಿಗೆ ಯಾವ ಲೇಪವೂ ಇಲ್ಲ. ಹೀಗಿರಲು ನೋಟಕನನ್ನು ಏಕೆ ಹಿಡಿದು ಕೇಳಬೇಕು?

ಈ ವಾದವು ಕೇಳಲು ಇಂಪಾಗಿದೆ. ಆದರೆ ಇದರಲ್ಲಿ ಒಂದು ಒಡಂಬಡಿಕೆ ಅಡಗಿದೆ. ನೋಡುವವನು ಏನನ್ನೂ ಬಯಸದವನಾಗಿರಬೇಕು, ಏನನ್ನೂ ಮಾಡದವನಾಗಿರಬೇಕು ಎಂಬುದೇ ಆ ಒಡಂಬಡಿಕೆ. ಉಪನಿಷತ್ತಿನ ಹಕ್ಕಿ ಕೂಗುವುದಿಲ್ಲ; ಇನ್ನೊಂದು ಹಕ್ಕಿಯನ್ನು ಹಂಗಿಸುವುದಿಲ್ಲ. ನಮ್ಮ ಮೈದಾನಗಳ ಹಗ್ಗಕ್ಕೆ ಆತು ನಿಂತವನು ಅಂತಹ ಹಕ್ಕಿಯೆ? ಅವನ ಕೊರಳು ಅವನ ಕಣ್ಣಿಗಿಂತ ಹೆಚ್ಚು ದುಡಿಯುತ್ತಿರುವುದು. ಆದುದರಿಂದ ಸಾಕ್ಷಿಗೆ ಸಲ್ಲುವ ನಿರ್ದೋಷತ್ವವನ್ನು ಅವನಿಗೆ ಸುಮ್ಮನೆ ಒಪ್ಪಿಸಲಾಗದು. ಅವನು ನಿಜವಾಗಿಯೂ ಆಟದ ಹೊರಗಿರುವನೆ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಇದಕ್ಕೆ ಶಾಸ್ತ್ರಪ್ರಮಾಣ ಬೇಕಾಗಿಲ್ಲ. ಕಬಡ್ಡಿಯ ನಿಯಮವೇ ಸಾಕು. ಪುರುಷರ ಕಬಡ್ಡಿಯ ಅಂಕಣವು 13 ಮೀಟರು ಉದ್ದ, 10 ಮೀಟರು ಅಗಲ. ಒಂದು ಪಕ್ಷಕ್ಕೆ ಏಳು ಮಂದಿ. ಎದುರಾಳಿಗಳ ಅಂಕಣಕ್ಕೆ ನುಗ್ಗುವವನು ಅಲ್ಲಿ ಇರುವಷ್ಟು ಹೊತ್ತೂ ‘ಕಬಡ್ಡಿ ಕಬಡ್ಡಿ’ ಎಂದು ತಡೆಯಿಲ್ಲದೆ, ಸ್ಪಷ್ಟವಾಗಿ, ಕೇಳುವಂತೆ ನುಡಿಯುತ್ತಿರಬೇಕು. ಅವನಿಗೆ ದೊರೆಯುವ ಅವಧಿ 30 ಸೆಕೆಂಡು. ಆ ನುಡಿ ಕಡಿಯಿತೆ, ಕಡಿಯಲಿಲ್ಲವೆ ಎಂಬುದನ್ನು ನಿರ್ಣಾಯಕನು ಕಿವಿಯಿಂದ ಅರಿತು ತೀರ್ಪು ಕೊಡಬೇಕು. ಈಗ ವಿಚಾರಿಸಿರಿ. ಹಗ್ಗದ ಸುತ್ತಲೂ ಸಾವಿರ ಕಂಠಗಳು ಏಕಕಾಲಕ್ಕೆ ಬೊಬ್ಬಿರಿದರೆ, ಅದರ ಮೇಲೆ ಧ್ವನಿವರ್ಧಕದ ಹಾಡೂ ಸೇರಿದರೆ, ಹದಿಮೂರು ವರ್ಷದ ಹುಡುಗನ ಎಳೆಯ ದನಿ ನಿರ್ಣಾಯಕನ ಕಿವಿಗೆ ಮುಟ್ಟುವ ಬಗೆ ಹೇಗೆ? ಮುಟ್ಟದಿದ್ದರೆ ತೀರ್ಪು ಊಹೆಯಾಗುವುದು. ಊಹೆಯ ತೀರ್ಪಿನಿಂದ ಒಂದು ಮಗು ಹೊರಗೆ ಹೋದರೆ ಅದನ್ನು ಹೊರಗೆ ಕಳಿಸಿದವರಾರು? ನಿರ್ಣಾಯಕನೊಬ್ಬನೇ ಅಲ್ಲ, ಕೂಗಿದ ನಾವೆಲ್ಲರೂ.

ಖೋ-ಖೋ ಆಟದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುವುದು. ಬೆನ್ನಟ್ಟುವ ಪಕ್ಷದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಒಂದೇ ಸಾಲಿನಲ್ಲಿ ಒಬ್ಬರು ಈ ಕಡೆಗೆ, ಒಬ್ಬರು ಆ ಕಡೆಗೆ ಮುಖಮಾಡಿ ಕುಕ್ಕರಿಸಿರುವರು. ಒಬ್ಬನು ಮಾತ್ರ ಓಡುವನು. ಅವನು ಬೆನ್ನ ಹಿಂದಿನಿಂದ ಬಂದು ಮುಟ್ಟಿ ‘ಖೋ’ ಎಂದು ಗಟ್ಟಿಯಾಗಿ ನುಡಿಯುವವರೆಗೆ ಕುಳಿತವನು ಏಳುವಂತಿಲ್ಲ. ಕುಳಿತ ಮಗುವಿನ ಸಮಸ್ತ ಚೈತನ್ಯವೂ ಆ ಒಂದು ಅಕ್ಷರಕ್ಕಾಗಿ ಕಾಯುತ್ತಿರುವುದು. ಹೊರಗಿನಿಂದ ಕುಚೋದ್ಯಕ್ಕೆಂದೋ ಉತ್ಸಾಹಕ್ಕೆಂದೋ ಯಾರಾದರೂ ‘ಖೋ’ ಎಂದು ಕೂಗಿದರೆ ಆ ಮಗು ದಿಗ್ಗನೆ ಎದ್ದೀತು, ಎದ್ದರೆ ತಪ್ಪಾದೀತು. ಚೆಂಡಿನ ಆಟಗಳಲ್ಲಿ ಚೆಂಡು ಕಣದೊಳಗೆ ಇರುವುದು, ಅದನ್ನು ಹೊರಗಿನವನು ಮುಟ್ಟಲಾರನು. ನಮ್ಮ ಮಣ್ಣಿನ ಈ ಎರಡು ಆಟಗಳಲ್ಲಿ ಮಾನವಧ್ವನಿಯೂ ಆಟದ ಒಂದು ಸಾಧನ. ಆ ಸಾಧನವು ನೋಡುವವನ ಗಂಟಲಿನಲ್ಲಿಯೂ ಇದೆ. ಆದ್ದರಿಂದ ಅವನು ಹೊರಗಿನವನೆಂಬುದು ಭ್ರಾಂತಿ. ಸುಣ್ಣದ ಗೆರೆ ಅವನ ಕಾಲನ್ನು ತಡೆದಿದೆ. ಅವನ ದನಿಯನ್ನು ತಡೆದಿಲ್ಲ.

ಇದು ನಿಯಮದ ಮಾತಾಯಿತು. ಮನಸ್ಸಿನ ಮಾತು ಇದಕ್ಕಿಂತಲೂ ಸೂಕ್ಷ್ಮವಾದುದು. ಶಾಲೆಯ ಮಕ್ಕಳನ್ನು ಪಂದ್ಯಗಳಿಗೆ ಕರೆದೊಯ್ದ ಉಪಾಧ್ಯಾಯರೆಲ್ಲರಿಗೂ ಗೊತ್ತಿರುವ ಸಂಗತಿಯೊಂದುಂಟು. ಸೋತು ಮರಳುವಾಗ ಮಕ್ಕಳು ಎದುರಾಳಿಯ ಬಲವನ್ನು ಕುರಿತು ಬಹಳ ಮಾತನಾಡುವುದಿಲ್ಲ. ನಿರ್ಣಾಯಕನ ತೀರ್ಪನ್ನೂ ಎರಡು ದಿನಗಳಲ್ಲಿ ಮರೆಯುವರು. ಆದರೆ ಜನರ ಗುಂಪಿನಿಂದ ಬಂದ ಒಂದು ಹಂಗಿನ ಮಾತನ್ನು, ಮೈಬಣ್ಣವನ್ನೋ ಕಾಲ ಗಿಡ್ಡತನವನ್ನೋ ಊರ ಹೆಸರನ್ನೋ ಜಾತಿಯನ್ನೋ ಕುರಿತ ಒಂದು ಕುಹಕವನ್ನು, ಅವರು ವರ್ಷಗಟ್ಟಲೆ ನೆನಪಿನಲ್ಲಿಡುವರು. ಏಕೆಂದರೆ ಎದುರಾಳಿಯು ಅವರ ಆಟವನ್ನು ಸೋಲಿಸಿದನು. ಗುಂಪು ಅವರನ್ನೇ ಸೋಲಿಸಿತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. “ಮಕ್ಕಳು ಗಟ್ಟಿಯಾಗಬೇಕು. ನಾಳೆ ಲೋಕದಲ್ಲಿ ಇದಕ್ಕಿಂತ ಕಟುವಾದ ಮಾತುಗಳನ್ನು ಕೇಳಬೇಕಾಗುವುದು. ಇಂದೇ ಅಭ್ಯಾಸವಾಗಲಿ” ಎಂದು ಹೇಳುವವರುಂಟು. ಗಟ್ಟಿಯಾಗಬೇಕೆಂಬುದು ನಿಜವೇ. ಆದರೆ ಗಟ್ಟಿತನ ಬರುವುದು ಉತ್ತರ ಕೊಡಬಹುದಾದ ಬಲದೊಡನೆ ಸೆಣಸಿದಾಗ. ಎದುರಾಳಿ ಹಿಡಿದರೆ ಬಿಡಿಸಿಕೊಳ್ಳಬಹುದು; ಬೆನ್ನಟ್ಟಿದರೆ ತಪ್ಪಿಸಿಕೊಳ್ಳಬಹುದು. ಗುಂಪಿನ ನಿಂದೆಗೆ ಮಗು ಏನು ಉತ್ತರ ಕೊಡಬಲ್ಲದು? ಕಬಡ್ಡಿಯಲ್ಲಿ ಅನುಚಿತವಾಗಿ ನಡೆದುಕೊಂಡ ಆಟಗಾರನಿಗೆ ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಪು ಕಾರ್ಡನ್ನು ತೋರಿಸುವರು. ಬೈದ ನೋಟಕನಿಗೆ ತೋರಿಸಲು ಯಾವ ಬಣ್ಣದ ಕಾರ್ಡೂ ಇಲ್ಲ. ಒಬ್ಬನ ಕೈಯನ್ನು ಕಟ್ಟಿ, ಇನ್ನೊಬ್ಬನ ಬಾಯನ್ನು ಬಿಟ್ಟು, ಇದನ್ನು ಶಿಕ್ಷಣವೆಂದು ಕರೆಯುವುದು ಹೇಗೆ? ನಿಯಮವು ಎಲ್ಲಿ ಮುಟ್ಟಲಾರದೋ ಅಲ್ಲಿಯೇ ಧರ್ಮದ ಕೆಲಸ ಮೊದಲಾಗುವುದು. ನೋಟಕನಿಗೆ ದಂಡನೆಯಿಲ್ಲ, ಆದುದರಿಂದಲೇ ಅವನಿಗೆ ಹೊಣೆ ಹೆಚ್ಚು.

ನಮ್ಮ ಕನ್ನಡದಲ್ಲಿ ‘ಆಟ’ ಎಂಬ ಒಂದೇ ಮಾತು ಎರಡು ಅರ್ಥಗಳನ್ನು ಹೊತ್ತಿದೆ. ಕಬಡ್ಡಿಯೂ ಆಟ, ದೊಡ್ಡಾಟ ಸಣ್ಣಾಟಗಳೂ ಆಟ. ಎರಡಕ್ಕೂ ಊರಿನ ಜನ ಸೇರುವರು, ಎರಡನ್ನೂ ನೋಡುವರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸಿದ್ಧಿಗಳನ್ನು ಕುರಿತ ಅಧ್ಯಾಯವೊಂದನ್ನು ಬರೆದು, ಅದರಲ್ಲಿ ಪ್ರೇಕ್ಷಕನ ಲಕ್ಷಣಗಳನ್ನು ಸವಿಸ್ತಾರವಾಗಿ ಹೇಳಿರುವನು. ಪಾತ್ರವು ಸಂತೋಷಗೊಂಡಾಗ ಸಂತೋಷಗೊಳ್ಳುವ, ಶೋಕಗೊಂಡಾಗ ಶೋಕಗೊಳ್ಳುವ ಹೃದಯವುಳ್ಳವನೇ ನಿಜವಾದ ಪ್ರೇಕ್ಷಕನೆಂಬುದು ಅವನ ಮತ. ಅಲ್ಲಿಯೇ ಪ್ರಯೋಗಕ್ಕೆ ಒದಗುವ ಘಾತಗಳನ್ನು ಎಣಿಸುವಾಗ, ಹಗೆಗಳಿಂದುಂಟಾಗುವ ಘಾತವನ್ನೂ ಹೇಳಿರುವನು. ವಿಪರೀತವಾಗಿ ನಗುವುದು, ಬೊಬ್ಬೆಯಿಡುವುದು, ಸೆಗಣಿ ಹೆಂಟೆಗಳನ್ನು ಎಸೆಯುವುದು, ಇರುವೆಗಳನ್ನು ಚೆಲ್ಲುವುದು ಮೊದಲಾದವು ಆ ಪಟ್ಟಿಯಲ್ಲಿವೆ. ಕೇಳಿದರೆ ನಗೆ ಬರಬಹುದು. ಆದರೆ ಇದರ ತಾತ್ಪರ್ಯ ಗಂಭೀರವಾದುದು. ನೋಡುವವರ ನಡತೆಯೂ ಪ್ರಯೋಗದ ಸಿದ್ಧಿ ಅಸಿದ್ಧಿಗಳಿಗೆ ಕಾರಣವೆಂದು ಅಷ್ಟು ಹಿಂದೆಯೇ ನಮ್ಮವರು ಎಣಿಕೆಗೆ ತೆಗೆದುಕೊಂಡಿದ್ದರು. ಬೊಬ್ಬೆಯನ್ನು ಅವರು ಉತ್ಸಾಹದ ಲೆಕ್ಕಕ್ಕೆ ಹಾಕಲಿಲ್ಲ; ಹಗೆತನದ ಲೆಕ್ಕಕ್ಕೆ ಹಾಕಿದರು.

ಅಭಿನವಗುಪ್ತನು ಈ ಶಾಸ್ತ್ರಕ್ಕೆ ವ್ಯಾಖ್ಯಾನವನ್ನು ಬರೆಯುತ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳಿರುವನು. ನೋಡುವವನು ತನ್ನ ಸ್ವಂತ ಸುಖದುಃಖಗಳಲ್ಲಿಯೇ ಮುಳುಗಿರುವುದು ಅವುಗಳಲ್ಲೊಂದು. ತನ್ನ ಮನೆಯ ಚಿಂತೆಯನ್ನು ಹೊತ್ತು ಬಂದವನಿಗೆ ರಾಮನ ಚಿಂತೆ ಕಾಣದು. ಈ ಮಾತನ್ನು ಮೈದಾನಕ್ಕೆ ಅನ್ವಯಿಸಿದರೆ ಒಂದು ಸತ್ಯ ಹೊಳೆಯುವುದು. ‘ನಮ್ಮೂರು ಗೆಲ್ಲಬೇಕು’ ಎಂಬ ಒಂದೇ ಹಂಬಲವನ್ನು ಕಣ್ಣಿಗೆ ಕಟ್ಟಿಕೊಂಡು ನಿಂತವನು ಆಟವನ್ನು ನೋಡಿಯೇ ಇಲ್ಲ. ಎದುರು ಪಕ್ಷದ ಬಾಲಕನು ಮೂವರ ಹಿಡಿತದಿಂದ ಮೈಯನ್ನು ಹಾವಿನಂತೆ ಹೊರಳಿಸಿ ನಡುಗೆರೆಯನ್ನು ಮುಟ್ಟಿದ ಸೊಗಸು ಅವನ ಪಾಲಿಗೆ ಇಲ್ಲವೇ ಇಲ್ಲ. ಒಂದು ಅಂಕ ಹೋಯಿತೆಂಬ ಸಂಕಟವಷ್ಟೇ ಅವನಿಗೆ ಉಳಿಯಿತು. ಅರ್ಧ ಆಟವನ್ನು ಅವನು ತನ್ನ ಕೈಯಿಂದಲೇ ಕಳೆದುಕೊಂಡನು.

ಆದರೆ ನಾಟಕದ ಆಟಕ್ಕೂ ಮೈದಾನದ ಆಟಕ್ಕೂ ಇರುವ ಭೇದವನ್ನು ಮರೆಯಬಾರದು. ದೊಡ್ಡಾಟದಲ್ಲಿ ಸತ್ತ ಕೀಚಕನು ಬೆಳಗಾಗುವಷ್ಟರಲ್ಲಿ ಬಣ್ಣ ತೊಳೆದು ಹೊಲಕ್ಕೆ ಹೋಗುವನು. ಅವನ ಸೋಲು ಅವನದಲ್ಲ, ಪಾತ್ರದ್ದು. ನಾವು ಎಷ್ಟು ಬೈದರೂ ಆ ಬೈಗುಳು ಬಣ್ಣಕ್ಕೆ ತಗಲುವುದೇ ಹೊರತು ಮೈಗೆ ತಗಲದು. ಮೈದಾನದಲ್ಲಿ ಸೋತ ಹುಡುಗನಿಗೆ ತೊಳೆದುಕೊಳ್ಳಲು ಬಣ್ಣವಿಲ್ಲ. ಅವನ ಸೋಲು ಅವನದೇ. ಅವನ ಕಣ್ಣೀರು ಅವನದೇ. ಆದುದರಿಂದ ನಾಟಕವನ್ನು ನೋಡುವ ಮನಸ್ಸಿನಿಂದ, ‘ಇದೆಲ್ಲ ಆಟವಲ್ಲವೆ’ ಎಂಬ ಸಡಿಲತೆಯಿಂದ, ಮಕ್ಕಳ ಪಂದ್ಯವನ್ನು ನೋಡುವುದು ದೊಡ್ಡ ಪ್ರಮಾದ. ನೋಡುವವನಿಗೆ ಅದು ಆಟ. ಆಡುವ ಎಳೆಯನಿಗೆ ಅಂದಿನ ಮಟ್ಟಿಗೆ ಅದೇ ಬಾಳು.

ಇಲ್ಲಿ ನಮ್ಮ ನಾಡಿನ ಚರಿತ್ರೆಯ ಒಂದು ಪ್ರಸಂಗ ನೆನಪಿಗೆ ಬರುವುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಮಲ್ಲವಿನೋದಕ್ಕೂ ಸ್ಥಳವಿದೆ. ಮಲ್ಲರ ವರ್ಗಗಳು, ಅವರ ಆಹಾರ, ಅವರ ವ್ಯಾಯಾಮ, ಅವರ ಸೆಣಸಾಟ ಎಲ್ಲವನ್ನೂ ಅಲ್ಲಿ ಕಾಣಬಹುದು. ಬಹುಮೂಲ್ಯವಾದ ಗ್ರಂಥವದು. ಆದರೆ ಅದರ ಕಣ್ಣು ಸಿಂಹಾಸನದ ಮೇಲಿದೆ. ಮಲ್ಲನು ಉಣ್ಣುವುದೂ ಸಾಧನೆ ಮಾಡುವುದೂ ಬೀಳುವುದೂ ಏಳುವುದೂ ಅರಸನ ವಿನೋದಕ್ಕಾಗಿ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ತರುವಾಯ ಶರಣರು ನೆರೆದರು. ಅವರು ಕಣ್ಣನ್ನು ಸಿಂಹಾಸನದಿಂದ ಇಳಿಸಿ ಕೆಲಸ ಮಾಡುವವನ ಪಕ್ಕದಲ್ಲಿಟ್ಟರು. ಕಟ್ಟಿಗೆ ಹೊರುವ ಮಾರಯ್ಯನ ದುಡಿಮೆ, ದೋಣಿ ನಡೆಸುವ ಚೌಡಯ್ಯನ ದುಡಿಮೆ ಯಾರ ವಿನೋದಕ್ಕೂ ಅಲ್ಲ. ಅದಕ್ಕೆ ಅದರದೇ ಆದ ಬೆಲೆಯುಂಟು, ಅದನ್ನು ಮಾಡುವವನಿಗೆ ಅವನದೇ ಆದ ಘನತೆಯುಂಟು ಎಂದು ತಿಳಿಸಿದರು. ಮೈದಾನದ ಹಗ್ಗದ ಬಳಿ ನಿಂತಾಗ ನಮ್ಮ ಕಣ್ಣು ಎಲ್ಲಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಈ ಮಕ್ಕಳು ನಮ್ಮ ವಿನೋದಕ್ಕಾಗಿ ಆಡುತ್ತಿರುವರೆಂದು ಬಗೆದರೆ ನಮಗೆ ಕಿರೀಟವಿಲ್ಲವೆಂಬುದೊಂದನ್ನು ಬಿಟ್ಟು ಬೇರೇನೂ ಕೊರತೆಯಿಲ್ಲ.

ಹಾಗಾದರೆ ಅಭಿಮಾನವೇ ತಪ್ಪೆ? ತನ್ನ ಊರಿನ ಹುಡುಗನು ಗೆಲ್ಲಲೆಂದು ಬಯಸುವುದು ಪಾಪವೆ? ಮಗನು ಓಡುವಾಗ ತಾಯಿಯು ತಟಸ್ಥಳಾಗಿ ನಿಲ್ಲಬೇಕೆ? ಹೀಗೆ ಕೇಳಿದರೆ, ಇಲ್ಲವೆಂದೇ ಹೇಳಬೇಕು. ಅಭಿಮಾನವಿಲ್ಲದ ಕಡೆಗೆ ಜನವೇ ಬಾರದು. ಜನವಿಲ್ಲದ ಮೈದಾನದಲ್ಲಿ ಮಕ್ಕಳ ಉಲ್ಲಾಸವೂ ಅರ್ಧವಾಗುವುದು. ಕಲಘಟಗಿಯು ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ಕುಶಲಕರ್ಮಿಗಳು ಮರವನ್ನು ಕಡೆದು, ಅರಗಿನ ಬಣ್ಣವನ್ನೇರಿಸಿ, ಪುರಾಣದ ಚಿತ್ರಗಳನ್ನು ಬರೆದು ಮಾಡುವ ಆ ತೊಟ್ಟಿಲಿನಲ್ಲಿ ಮಲಗಿದ ಕೂಸು ಮೊಟ್ಟಮೊದಲು ಕಾಣುವುದು ತನ್ನ ಕಡೆಗೆ ಬಾಗಿದ ಮುಖಗಳನ್ನು. ಆ ಮುಖಗಳ ನಗೆಯಿಂದಲೇ ಅದು ತಾನು ಬೇಕಾದವನೆಂದು ಅರಿಯುವುದು. ಬೆಳೆದ ಮೇಲೆ ಮೈದಾನದಲ್ಲಿಯೂ ಮಗು ಹುಡುಕುವುದು ಅಂತಹ ಮುಖಗಳನ್ನೇ. ಆದುದರಿಂದ ನೋಟವನ್ನು ಹಿಂತೆಗೆದುಕೊಳ್ಳುವುದು ಧರ್ಮವಲ್ಲ. ನೋಟವನ್ನು ಶುದ್ಧಗೊಳಿಸಿಕೊಳ್ಳುವುದು ಧರ್ಮ.

ಇಲ್ಲಿ ಒಂದು ವಿವೇಕವನ್ನು ಮಾಡಬೇಕಾಗಿದೆ. ‘ನಮ್ಮ ಮಗು’ ಎಂಬುದು ಪ್ರೀತಿ. ‘ನಮ್ಮ ಗೆಲುವು’ ಎಂಬುದು ಮಮಕಾರ. ಪ್ರೀತಿಯು ಸೋತ ಮಗುವಿನ ಹತ್ತಿರಕ್ಕೆ ಹೋಗುವುದು. ಮಮಕಾರವು ಸೋತ ಮಗುವಿನಿಂದ ಮುಖ ತಿರುಗಿಸುವುದು. ನಮ್ಮ ಅಭಿಮಾನವು ಯಾವ ಜಾತಿಯದೆಂದು ತಿಳಿಯಬೇಕಾದರೆ ಗೆದ್ದಾಗ ನೋಡಬಾರದು, ಸೋತಾಗ ನೋಡಬೇಕು. ಇನ್ನೂ ಒಂದು ಪರೀಕ್ಷೆಯುಂಟು. ಎದುರು ಪಕ್ಷದ ಹುಡುಗನು ಕಾಲು ಉಳುಕಿ ಬಿದ್ದಾಗ ನಮ್ಮ ಬಾಯಿಂದ ಮೊದಲು ಹೊರಡುವ ಶಬ್ದ ಯಾವುದು? ಬಂದವನನ್ನು ಯಾರ ಕಡೆಯವನೆಂದು ಕೇಳದೆ ನಮ್ಮ ಮನೆಯ ಮಗನೆಂದು ಎಣಿಸಬೇಕೆಂದು ಬಸವಣ್ಣನವರು ಬೋಧಿಸಿದರು. ಪ್ರಸಾದದ ಪಂಕ್ತಿಯಲ್ಲಿ ಇದನ್ನು ಪಾಲಿಸುವುದು ಅಷ್ಟು ಕಷ್ಟವಲ್ಲ. ಹದಿನೈದು ನಿಮಿಷದ ಹಿಂದೆ ನಮ್ಮ ಊರನ್ನು ಸೋಲಿಸಿದ ಬೇರೆ ಊರಿನ ಹುಡುಗನ ವಿಷಯದಲ್ಲಿ ಪಾಲಿಸುವುದು ಕಷ್ಟ. ಬೋಧೆಯ ನಿಜವಾದ ಒರೆಗಲ್ಲು ಅಲ್ಲಿಯೇ ಇದೆ.

ಬಾಲಕಿಯರ ಪಂದ್ಯಗಳ ವಿಷಯದಲ್ಲಿ ಈ ಹೊಣೆ ಇಮ್ಮಡಿಯಾಗುವುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋ-ಖೋ ವಿಶ್ವಕಪ್ಪಿನಲ್ಲಿ ಭಾರತದ ಪುರುಷರಂತೆ ಮಹಿಳೆಯರೂ ಗೆದ್ದರು. ಹಳ್ಳಿಯ ಶಾಲೆಗಳಲ್ಲಿ ಆಡುವ ಹುಡುಗಿಯರ ಕಣ್ಣಿಗೆ ಅದೊಂದು ಹೊಸ ಬೆಳಕು. ಆದರೆ ಆ ಬೆಳಕು ಆರುವುದು ಬಹಳ ಸಾರಿ ಸೋಲಿನಿಂದಲ್ಲ. ಹಗ್ಗದ ಬಳಿ ನಿಂತ ಕೆಲವರ ಕಣ್ಣಿನಿಂದ, ಅವರ ಸೀಟಿಯಿಂದ, ಮೈಯನ್ನು ಕುರಿತ ಮಾತಿನಿಂದ. ಆ ಮಾತು ತಂದೆಯ ಕಿವಿಗೆ ಬಿದ್ದರೆ ಮರುದಿನ ಹುಡುಗಿಯು ಮೈದಾನಕ್ಕೆ ಬರುವುದಿಲ್ಲ. ಆಡಿದವನಿಗೆ ಅದು ಒಂದು ಗಳಿಗೆಯ ಚೇಷ್ಟೆ. ಅವಳಿಗೆ ಒಂದು ಬಾಗಿಲೇ ಮುಚ್ಚಿತು. ಹೆಣ್ಣನ್ನು ತನ್ನದೊಂದು ವಸ್ತುವೆಂದು ಬಗೆದು ನೋಡುವ ಕಣ್ಣನ್ನು ಎದುರಿಸಿ ಅರಮನೆಯನ್ನೇ ತೊರೆದು ಹೊರಟ ಅಕ್ಕಮಹಾದೇವಿಯ ನಾಡು ನಮ್ಮದು. ಅಕ್ಕನ ಹೆಸರನ್ನು ಹೇಳುವ ಬಾಯಿ ಅಂತಹ ಸೀಟಿಯ ಪಕ್ಕದಲ್ಲಿ ಸುಮ್ಮನಿರಬಾರದು. ಸ್ವತಃ ಕೆಟ್ಟ ಮಾತನ್ನಾಡದವನೂ, ಆಡುವವನ ಪಕ್ಕದಲ್ಲಿ ನಗುತ್ತ ನಿಂತರೆ, ಆ ಬಾಗಿಲಿಗೆ ಒಂದು ಕೈ ಹಚ್ಚಿದಂತೆಯೇ ಸರಿ.

ಈ ಕಾಲದಲ್ಲಿ ನೋಟಕ್ಕೆ ಹೊಸದೊಂದು ಶಕ್ತಿಯೂ ಬಂದಿದೆ. ಹಿಂದೆ ನೋಡಿದ್ದು ನೋಡಿದವನ ನೆನಪಿನಲ್ಲಿ ಉಳಿದು, ಕಾಲಕ್ರಮದಲ್ಲಿ ಮಾಸುತ್ತಿತ್ತು. ಈಗ ಪ್ರತಿಯೊಬ್ಬನ ಕೈಯಲ್ಲಿಯೂ ಮೊಬೈಲಿದೆ. ಮಗು ಜಾರಿ ಬಿದ್ದ, ಚಡ್ಡಿ ಹರಿದ, ಸೋತು ಬಿಕ್ಕಿ ಅತ್ತ ಗಳಿಗೆಯನ್ನು ಹಿಡಿದು, ಅದಕ್ಕೊಂದು ಹಾಸ್ಯದ ಹಾಡನ್ನು ಕೂಡಿಸಿ, ಅರ್ಧ ತಾಸಿನಲ್ಲಿ ತಾಲೂಕಿಗೆಲ್ಲ ಹಂಚಬಹುದು. ಮೈದಾನದ ಸಾವಿರ ಜನ ಸಂಜೆಗೆ ಚದುರುವರು. ಮೊಬೈಲಿನ ಜನ ಚದುರುವುದೇ ಇಲ್ಲ. ತನ್ನ ಗೆಲುವಿನ ಚಿತ್ರವನ್ನು ಮಗು ತಾನೇ ಕೇಳಿ ತೆಗೆಸಿಕೊಳ್ಳುವುದು. ಅದರ ಅಳುವನ್ನು ತೆಗೆಯಲು ನಮಗೆ ಅಪ್ಪಣೆ ಕೊಟ್ಟವರಾರು? ಮನೆಯಲ್ಲಿ ಅಳುವ ಮಗುವಿನ ಮುಖವನ್ನು ತಾಯಿ ಸೆರಗಿನಿಂದ ಮರೆಮಾಡುವಳು. ಮೈದಾನದಲ್ಲಿಯೂ ಹಿರಿಯರಾದವರ ಕೆಲಸ ಅದೇ: ತೋರಿಸುವುದಲ್ಲ, ಮರೆಮಾಡುವುದು.

ನೋಟಕನ ಹೊಣೆ ಆಡುವವರ ಮೇಲಷ್ಟೇ ಅಲ್ಲ; ಪಕ್ಕದಲ್ಲಿ ನಿಂತ ಇನ್ನೊಬ್ಬ ನೋಟಕನ ಮೇಲೆಯೂ ಉಂಟು. 2021ರ ಮಾರ್ಚ್ 22ರಂದು ತೆಲಂಗಾಣದ ಸೂರ್ಯಾಪೇಟೆಯಲ್ಲಿ ಕಿರಿಯರ ರಾಷ್ಟ್ರೀಯ ಕಬಡ್ಡಿ ಪಂದ್ಯಾವಳಿಯು ಆರಂಭವಾಗುವ ಹೊತ್ತಿನಲ್ಲಿ, ಜನರು ಕುಳಿತು ನೋಡಲೆಂದು ಕಟ್ಟಿದ್ದ ತಾತ್ಕಾಲಿಕ ಗ್ಯಾಲರಿಯು ಕುಸಿದು 100ಕ್ಕೂ ಮಿಕ್ಕಿ ಮಂದಿ ಗಾಯಗೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕ್ರಿಕೆಟ್ ವಿಜಯೋತ್ಸವಕ್ಕೆ ನೆರೆದ ಜನರ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಹರೆಯದವರು. ಅಂದು ಅಲ್ಲಿ ಆಟವೇ ಇರಲಿಲ್ಲ. ಗೆದ್ದವರನ್ನು ಕಣ್ಣಿಂದ ಕಾಣಬೇಕೆಂಬ ಹಂಬಲವೊಂದೇ ಇತ್ತು. ಇಂತಹ ದುರಂತಗಳಲ್ಲಿ ಏರ್ಪಡಿಸಿದವರ ಮೇಲೆ, ಆಡಳಿತದವರ ಮೇಲೆ ಬರುವ ಹೊಣೆಯನ್ನು ಯಾರೂ ತಪ್ಪಿಸಲಾಗದು. ಎಷ್ಟು ಜನರನ್ನು ತಾಳಬಲ್ಲ ಸ್ಥಳವೆಂದು ತಿಳಿದು ಅಷ್ಟು ಜನರನ್ನೇ ಕರೆಯುವುದು, ಕಟ್ಟಿದ ಗ್ಯಾಲರಿಯ ಬಲವನ್ನು ಜನ ಏರುವ ಮೊದಲೇ ಪರೀಕ್ಷಿಸುವುದು, ಹೊರಹೋಗುವ ದಾರಿಯನ್ನು ತೆರೆದಿಡುವುದು, ನೆರಳು ನೀರುಗಳನ್ನು ಒದಗಿಸುವುದು ಅವರ ಕರ್ತವ್ಯ. ಆದರೆ ನಮ್ಮ ಹಳ್ಳಿಗಳ ಮೈದಾನದಲ್ಲಿ ಕಾವಲಿನವರು ಇರುವುದು ಕಡಿಮೆ, ಹಗ್ಗವೇ ಗೋಡೆ. ಹಿಂದಿನವನು ಒಂದು ಹೆಜ್ಜೆ ನೂಕಿದರೆ ಮುಂದಿನ ಸಾಲಿನಲ್ಲಿ ಕುಳಿತ ಚಿಕ್ಕ ಮಕ್ಕಳು ಸುಣ್ಣದ ಗೆರೆಯ ಮೇಲೆ ಬೀಳುವರು. ಓಡಿ ಬರುವ ಆಟಗಾರನು ಅವರ ಮೇಲೆ ಬೀಳುವನು. ತಾನು ಇನ್ನಷ್ಟು ಚೆನ್ನಾಗಿ ಕಾಣಬೇಕೆಂಬ ಆಸೆಯೇ ಅಲ್ಲಿ ಮೂಲ. ಆದ್ದರಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದು ಸಣ್ಣ ಕೆಲಸವಾದರೂ ಸಣ್ಣ ಧರ್ಮವಲ್ಲ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಈ ಆಟವನ್ನು ದೂರದರ್ಶನದ ಪರದೆಯ ಮೇಲೆ ಮನೆಮನೆಯಲ್ಲಿಯೂ ನೋಡುವಂತಾಯಿತು. ಅದರಿಂದ ಆಟಕ್ಕೆ ಬಂದ ಗೌರವವು ದೊಡ್ಡದು. ಆದರೆ ಅಲ್ಲಿಯ ಅಬ್ಬರವನ್ನೂ ನಮ್ಮ ಮೈದಾನಗಳವರು ಅನುಕರಿಸತೊಡಗಿರುವರು. ಪರದೆಯ ಮೇಲೆ ಆಡುವವರು ಅದನ್ನೇ ವೃತ್ತಿಯಾಗಿ ಆರಿಸಿಕೊಂಡ, ಬಲಿತ ಮನಸ್ಸಿನವರು. ನಮ್ಮ ಮುಂದೆ ಆಡುವವರು ನಾಳೆ ಪಾಠಕ್ಕೆ ಬರುವ ಮಕ್ಕಳು. ಎತ್ತಿನ ಹೇರನ್ನು ಕರುವಿನ ಮೇಲೆ ಹೇರುವ ರೈತನುಂಟೆ?

ಹಾಗಾದರೆ ನೋಡುವವನು ಏನು ಮಾಡಬೇಕು? ಮೌನವ್ರತವನ್ನೇನೂ ಹಿಡಿಯಬೇಕಾಗಿಲ್ಲ. ಹುಡುಗನು ‘ಕಬಡ್ಡಿ’ ಎನ್ನುತ್ತ ಒಳಗೆ ಹೋದ 30 ಸೆಕೆಂಡು ಸುಮ್ಮನಿದ್ದು, ಅವನು ಮರಳಿದ ಮೇಲೆ ಮನದಣಿಯೆ ಚಪ್ಪಾಳೆ ತಟ್ಟಲಿ. ಹುರಿದುಂಬಿಸುವಾಗ ತನ್ನವನ ಹೆಸರನ್ನು ಕೂಗಲಿ. ಎದುರಾಳಿಯ ಹೆಸರನ್ನು ಹಂಗಿಸಲು ಕೂಗದಿರಲಿ. ಒಳ್ಳೆಯ ಹಿಡಿತವನ್ನು, ಒಳ್ಳೆಯ ಓಟವನ್ನು ಯಾರು ಮಾಡಿದರೂ ಮೆಚ್ಚಲಿ. ನಮ್ಮ ಕುಸ್ತಿಯ ಕಣಗಳಲ್ಲಿ ಈ ಮೆಚ್ಚುಗೆಯ ಪರಂಪರೆ ಹಳೆಯದು. ಚೆನ್ನಾಗಿ ಆಡಿದ ಪೈಲವಾನನು ಕಣವನ್ನು ಸುತ್ತಿ ಬರುವಾಗ ಅವನು ಯಾವ ಊರಿನವನಾದರೂ ಸರಿ, ನೋಡಿದವರು ಸಂತೋಷದಿಂದ ಕೈಲಾದಷ್ಟು ಕೊಡುವರು. ಕಂಡ ಸುಖಕ್ಕೆ ತಾನು ಋಣಿಯೆಂಬ ಅರಿವು ಆ ಕೊಡುಗೆಯಲ್ಲಿದೆ. ನೋಡುವುದೂ ಒಂದು ಪಡೆಯುವಿಕೆ. ಪಡೆದವನು ಮರಳಿ ಕೊಡಬೇಕು. ಮಕ್ಕಳ ಪಂದ್ಯದಲ್ಲಿ ಹಣ ಕೊಡಬೇಕಾಗಿಲ್ಲ. ಎರಡೂ ಪಕ್ಷದ ಮಕ್ಕಳಿಗೆ ಒಂದೇ ಕೊಡದಿಂದ ನೀರು ಕೊಟ್ಟರೆ ಸಾಕು. ದೂರದ ಊರಿಗೆ ಹೋಗಬೇಕಾದ ಮಕ್ಕಳಿಗೆ ಒಂದು ತುತ್ತು ಉಣಬಡಿಸಿದರೆ ಇನ್ನೂ ಒಳ್ಳೆಯದು. ದಾಸೋಹವನ್ನು ಬಲ್ಲ ಊರುಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ ಇನ್ನೊಂದು ಮಾತು. ಆಟ ಮುಗಿದು ಮಗು ಕಣದಿಂದ ಹೊರಗೆ ಬಂದಾಗ ನಾವು ಅದನ್ನು ಮೊದಲು ಏನು ಕೇಳುವೆವೋ ಅದರಲ್ಲಿ ನಮ್ಮ ನೋಟದ ಸಾರವೆಲ್ಲ ಇಳಿದಿರುವುದು. “ಏನಾತೋ, ಗೆದ್ದಿರೇನು?” ಎಂದು ಕೇಳುವವನು ಅಂಕಗಳನ್ನು ನೋಡಿದನು. “ಪೆಟ್ಟು ಹತ್ತಿತೇನು ತಮ್ಮಾ? ನೀರು ಕುಡಿ” ಎನ್ನುವವನು ಮಗುವನ್ನು ನೋಡಿದನು. ಗೆಲುವು ಸೋಲುಗಳನ್ನು ನಿರ್ಣಾಯಕನು ತನ್ನ ಪುಸ್ತಕದಲ್ಲಿ ಬರೆದುಕೊಂಡು ಹೋಗುವನು. ಈ ಎರಡನೆಯ ಮಾತನ್ನಾಡಲು ಅವನಿಗೆ ಬಿಡುವಿರುವುದಿಲ್ಲ. ಆ ಕೆಲಸವು ಹಗ್ಗದ ಆಚೆಗೆ ನಿಂತವರಿಗೆಂದೇ ಉಳಿದಿದೆ.